ಅರಳುವ ಗುಂಡು, ಅರಳದ ಗುಂಡು



ಸಸ್ಯಾಹಾರಿಗಳೇ ಹೆಚ್ಚಾಗಿರುವ ಈ ಸಭೆಯಲ್ಲಿ ಬೇಟೆಯ ಗುಂಡಿನ ವಿಚಾರ ಮಾತನಾಡಲು ನಾನು ನಿಂತಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನಾನು ಬೇಟೆಗಾರನಲ್ಲ. ಆದರೆ ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಲಾಸ್ ಏಂಜಲೀಸಿಗೆ ರೆಸಿಡೆನ್ಸಿಗೆಂದು ಬಂದವನು, ಊರಿನಲ್ಲಿ ಹಾವು ಕಚ್ಚಿದವರನ್ನು ಎಷ್ಟು ಕಂಡಿದ್ದೆನೋ ಅದಕ್ಕಿಂತ ಹೆಚ್ಚಾಗಿ ಇಲ್ಲಿ ಗುಂಡೇಟು ತಿಂದವರನ್ನು ಕಂಡೆ. ಗುಂಡು ದೇಹದೊಳಗೆ ಏನು ಮಾಡುತ್ತದೆ ಎಂಬುದು ನನಗೆ ಪುಸ್ತಕದ ವಿದ್ಯೆಯಷ್ಟೇ ಆಗಿ ಉಳಿಯಲಿಲ್ಲ.

ಸ್ಯಾನ್ ಡಿಯೇಗೋದಲ್ಲಿ ನೆಲೆಸಿರುವ ಕೊಡವ ಮಿತ್ರರೊಬ್ಬರು ನಮೀಬಿಯಾದ ಬೇಟೆಗೆ ಹೊರಟಿದ್ದಾರೆ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ಮನೆತನದವರು. ಕೋವಿಯೆಂದರೆ ಅವರಿಗೆ ಕುಲದ ಒಡವೆ. “ಡಾಕ್ಟರೇ, ಮೊಲದ ಗಾತ್ರದ ಹುಲ್ಲೆಗೆ ಆನೆಗೆ ಹೊಡೆಯುವ ಅರಳದ ಗುಂಡನ್ನು ಒಯ್ಯಿರಿ ಎನ್ನುತ್ತಾರಲ್ಲ, ಇದರಲ್ಲಿ ಅರ್ಥವಿದೆಯೇ?” ಎಂದು ಅವರು ಕೇಳಿದರು. ಅರ್ಥವಿದೆ, ಆದರೆ ಅದು ಷರತ್ತುಗಳೊಡನೆ ಬರುವ ಅರ್ಥ.

ಆಫ್ರಿಕದ ಹುಲ್ಲೆ ಎಂದೊಡನೆ ಕುದುರೆಯೆತ್ತರದ ಈಲಂಡ್ ಕಣ್ಣಿಗೆ ಕಟ್ಟುವುದುಂಟು. ಇಲ್ಲಿನ ಪ್ರಶ್ನೆ ಪುಟ್ಟ ಜಾತಿಗಳದು. ಡಿಕ್-ಡಿಕ್ ಎಂಬುದು 3ರಿಂದ 6 ಕಿಲೋ ತೂಗುತ್ತದೆ. ಸ್ಟೀನ್‌ಬಾಕ್ ಸುಮಾರು 11 ಕಿಲೋ. ನಮ್ಮ ದಾವಣಗೆರೆ ಜಿಲ್ಲೆಯ ರಂಗಯ್ಯನದುರ್ಗ ವನ್ಯಧಾಮದಲ್ಲಿ ರಕ್ಷಣೆ ಪಡೆದಿರುವ ಕೊಂಡುಕುರಿ 20 ಕಿಲೋ ಆಸುಪಾಸಿನದು. ಡಿಕ್-ಡಿಕ್ ಅದರ ಮುಂದೆ ಮರಿಯಂತೆ ಕಾಣುವುದು. ಕಾಡೆಮ್ಮೆಗೋ ಕುಡೂಗೋ ಹೊರಟ ಬೇಟೆಗಾರನ ಕೈಯಲ್ಲಿ ಇರುವುದು ಭಾರಿ ರೈಫಲ್. 1912ರಿಂದ ಆಫ್ರಿಕದಲ್ಲಿ ಹೆಸರಾದ .375 ಹಾಲೆಂಡ್ ಅಂಡ್ ಹಾಲೆಂಡ್ ತೋಟಾದ ಗುಂಡು 19 ಗ್ರಾಂಗಿಂತ ತುಸು ಹೆಚ್ಚು ತೂಗಿ ಸೆಕೆಂಡಿಗೆ ಸುಮಾರು 760 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ 5,600 ಜೂಲ್‌ಗಳಷ್ಟು ಚೈತನ್ಯ. ಐದು ಕಿಲೋ ಪ್ರಾಣಿಯ ಮುಂದೆ ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇ ಸರಿ.

ಆದರೆ ಗುಂಡಿನಲ್ಲಿ ಚೈತನ್ಯ ಎಷ್ಟಿದೆ ಎಂಬುದಕ್ಕಿಂತ, ಅದರಲ್ಲಿ ಎಷ್ಟನ್ನು ಅದು ದೇಹದೊಳಗೆ ಬಿಟ್ಟು ಹೋಗುತ್ತದೆ ಎಂಬುದು ಮುಖ್ಯ. ಅರಳುವ ಗುಂಡಿನ ಮೂತಿಯಲ್ಲಿ ಮೃದುವಾದ ಸೀಸ ತೆರೆದಿರುತ್ತದೆ, ಇಲ್ಲವೇ ಕುಳಿಯೊಂದಿರುತ್ತದೆ. ಮಾಂಸಕ್ಕೆ ತಾಗಿದೊಡನೆ ಮೂತಿ ಅಣಬೆಯಂತೆ ಹರಡಿ, ವ್ಯಾಸ ಹೆಚ್ಚಿ, ಗುಂಡು ತನ್ನ ವೇಗವನ್ನು ಅಂಗಾಂಶಕ್ಕೆ ಒಪ್ಪಿಸುತ್ತದೆ. ಅರಳದ ಗುಂಡು ಇಡಿಯಾಗಿ ಹಿತ್ತಾಳೆಯದೋ ತಾಮ್ರದ್ದೋ ಆಗಿರಬಹುದು, ಅಥವಾ ಸೀಸದ ಒಡಲಿಗೆ ಗಟ್ಟಿ ಲೋಹದ ಹೊದಿಕೆ ಹಾಕಿದ್ದಾಗಿರಬಹುದು. ಅದು ಆಕಾರಗೆಡದೆ ತೂರಿ ಹೋಗುತ್ತದೆ. 5,600 ಜೂಲ್‌ಗಳಲ್ಲಿ ಬಹುಪಾಲನ್ನು ಹೊತ್ತುಕೊಂಡೇ ಆಚೆ ಬದಿಯಿಂದ ಹೊರಬೀಳುತ್ತದೆ. ಅದೇ ರೈಫಲ್ಲಿನಿಂದ ವೇಗವಾಗಿ ಅರಳುವ ಗುಂಡನ್ನು ಹೊಡೆದರೆ ಡಿಕ್-ಡಿಕ್ಕಿನ ದೇಹದಲ್ಲಿ ಚರ್ಮವಾಗಲಿ ಮಾಂಸವಾಗಲಿ ಉಪಯೋಗಕ್ಕೆ ಉಳಿಯುವುದು ಕಡಿಮೆ. ಭಾರಿ ಪ್ರಾಣಿಯ ಎಲುಬನ್ನು ಸೀಳಿ ಆಳಕ್ಕೆ ಇಳಿಯಲೆಂದು ಮಾಡಿದ ಗುಂಡೇ ಅತಿ ಚಿಕ್ಕ ಪ್ರಾಣಿಗೂ ಒಗ್ಗುವುದು ಈ ಕಾರಣಕ್ಕೆ.

ಚರ್ಮದ ಬೆಲೆ ನಮ್ಮ ಮೈಸೂರಿನವರಿಗೆ ಹೊಸತಲ್ಲ. ವ್ಯಾನ್ ಇಂಗೆನ್ ಮನೆತನದವರು 20ನೆಯ ಶತಮಾನದ ಬಹುಭಾಗ ಅಲ್ಲಿ ನಡೆಸಿದ ಕಾರ್ಖಾನೆಗೆ ದೇಶದ ಮೂಲೆಮೂಲೆಗಳಿಂದ ಹುಲಿ ಚಿರತೆಗಳ ಚರ್ಮಗಳು ಬಂದು, ಜೀವವಿದ್ದಂತೆ ನಿಲ್ಲುವ ಬೊಂಬೆಗಳಾಗಿ ಹಿಂತಿರುಗುತ್ತಿದ್ದವು. ಬಟ್ಟಲಗಲದ ರಂಧ್ರವನ್ನು ಹುಲಿಯ ಚರ್ಮದಲ್ಲಿ ಹೊಲಿದು ಮರೆಮಾಡಬಹುದು; ಮೊಲದಷ್ಟು ಪ್ರಾಣಿಯಲ್ಲಿ ಮರೆಮಾಡಲು ಚರ್ಮವೇ ಉಳಿದಿರುವುದಿಲ್ಲ.

ಇಲ್ಲಿ ಒಂದು ಐತಿಹಾಸಿಕ ವೈಚಿತ್ರ್ಯವನ್ನು ಸ್ಮರಿಸಬಹುದು. ಅರಳುವ ಸೇನಾ ಗುಂಡಿಗೆ ಜಗತ್ತಿನಲ್ಲೆಲ್ಲ ಅಂಟಿಕೊಂಡ ‘ದಮ್ ದಮ್’ ಎಂಬ ಹೆಸರು ಕಲ್ಕತ್ತೆಯ ಬಳಿಯ ದಮ್ ದಮ್ ಶಸ್ತ್ರಾಗಾರದಿಂದ ಬಂದದ್ದು. 1890ರ ದಶಕದಲ್ಲಿ ಬ್ರಿಟಿಷರು ಅದನ್ನು ಅಲ್ಲಿ ತಯಾರಿಸಿದರು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂತಹ ಗುಂಡನ್ನು ನಿಷೇಧಿಸಿತು. ಥೈರಾಯ್ಡ್ ಗ್ರಂಥಿಯ ಕೆಲಸಕ್ಕಾಗಿ 1909ರಲ್ಲಿ ನೊಬೆಲ್ ಪಡೆದ ಸ್ವಿಸ್ ಶಸ್ತ್ರವೈದ್ಯ ಥಿಯೋಡೋರ್ ಕೊಖರ್ ಕೂಡ ಗುಂಡಿನ ಗಾಯಗಳ ಮೇಲೆ ಪ್ರಯೋಗ ನಡೆಸಿ, ಕಡಿಮೆ ಹಾನಿ ಮಾಡುವ ಗುಂಡಿಗಾಗಿ ವಾದಿಸಿದ್ದರು. ಆದರೆ ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಜಿಂಕೆಯಂತಹ ದೊಡ್ಡ ಬೇಟೆಗೆ ರೈಫಲ್ ಬಳಸುವವನು ಅರಳುವ ಗುಂಡನ್ನೇ ಬಳಸಬೇಕೆಂಬುದು ನಿಯಮ! ಮನುಷ್ಯನ ಮೇಲೆ ಕ್ರೌರ್ಯವೆನಿಸಿದ್ದು ಮೃಗದ ಮೇಲೆ ಕರುಣೆಯಾದುದು ಹೇಗೆ? ಸೈನಿಕನನ್ನು ಗಾಯಗೊಳಿಸಿ ಬದಿಗಿರಿಸಿದರೆ ಸಾಕು, ಅವನಿಗೆ ಆಸ್ಪತ್ರೆಯಿದೆ. ಗಾಯಗೊಂಡ ಜಿಂಕೆಗೆ ಆಸ್ಪತ್ರೆಯಿಲ್ಲ. ಅದು ಬೇಗ ಸಾಯುವುದೇ ಅದಕ್ಕೆ ಸಿಗಬಹುದಾದ ದಯೆ.

ಅರಳದ ಗುಂಡಿನ ಅಪಾಯವಿರುವುದು ಇಲ್ಲಿಯೇ. ಗುಂಡೇಟಿನಿಂದ ಪ್ರಾಣಿ ಸಾಯುವುದು ಮುಖ್ಯವಾಗಿ ಎರಡು ದಾರಿಗಳಲ್ಲಿ: ಮಿದುಳು ಅಥವಾ ಬೆನ್ನುಹುರಿಯ ಮೇಲ್ಭಾಗ ಹರಿದುಹೋಗಬೇಕು, ಇಲ್ಲವೇ ರಕ್ತ ಸೋರಿ ಮಿದುಳಿಗೆ ಆಮ್ಲಜನಕ ನಿಲ್ಲಬೇಕು. ಹೃದಯಕ್ಕೇ ಪೆಟ್ಟು ಬಿದ್ದರೂ ಪ್ರಜ್ಞೆ ಹೋಗಲು ಹತ್ತಾರು ಸೆಕೆಂಡು ಹಿಡಿಯಬಹುದು. ಅಷ್ಟರಲ್ಲಿ ಹುಲ್ಲೆ ಮುಳ್ಳುಪೊದೆಗಳ ನಡುವೆ ಮರೆಯಾಗಿರುತ್ತದೆ. ಗುಂಡು ಹೃದಯವನ್ನು ತಪ್ಪಿಸಿ ಕರುಳಿನ ಮೂಲಕ ಹಾದರೆ ಸಣ್ಣ ರಂಧ್ರದಿಂದ ಮಲ ಸೋರಿ ಉದರಪೊರೆ ಉರಿಯೂತಗೊಂಡು ಸಾವು ಬರಲು ಗಂಟೆಗಳೋ ದಿನವೋ ಬೇಕಾಗುತ್ತದೆ. ಆ ನೋವನ್ನು ನಾನು ರೋಗಿಗಳ ಮುಖದಲ್ಲಿ ಕಂಡಿದ್ದೇನೆ. ಅರಳುವ ಗುಂಡು ಬೇಟೆಗಾರನ ಸಣ್ಣ ತಪ್ಪನ್ನು ಮನ್ನಿಸುತ್ತದೆ, ಅರಳದ್ದು ಮನ್ನಿಸುವುದಿಲ್ಲ. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗೂ ಪೂರ್ಣ ಶುಲ್ಕ ವಸೂಲು ಮಾಡುವ ಪದ್ಧತಿ ದಕ್ಷಿಣ ಆಫ್ರಿಕದ ಬೇಟೆ ವ್ಯವಸ್ಥಾಪಕರಲ್ಲಿ ಸಾಮಾನ್ಯವಾಗಿದೆ. ಅದನ್ನು ನಾನು ನ್ಯಾಯವೆಂದೇ ಎಣಿಸುತ್ತೇನೆ.

ಅರಳದ ಗುಂಡುಗಳಲ್ಲಿಯೂ ಭೇದವಿದೆ. ಚೂಪು ಮೂತಿಯ ಸೇನಾ ಗುಂಡಿನ ಭಾರ ಹಿಂಬದಿಯಲ್ಲಿರುವುದರಿಂದ ಅದು ಅಂಗಾಂಶದೊಳಗೆ ಕೆಲದೂರ ನೇರ ಸಾಗಿ ಬಳಿಕ ಮಗುಚಿ ಅಡ್ಡವಾಗುತ್ತದೆ. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲೆಟರ್‌ಮನ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಜೆಲಟಿನ್ ಗಟ್ಟಿಗಳಿಗೆ ಗುಂಡು ಹೊಡೆದು ಇದನ್ನು ಅಳೆದರು. ಅಮೆರಿಕದ 7.62 ಮಿ.ಮೀ. ಸೇನಾ ಗುಂಡು ಮಗುಚುವುದು ಸುಮಾರು 15 ಸೆಂಟಿಮೀಟರ್ ಆಳದ ನಂತರ. ಡಿಕ್-ಡಿಕ್ಕಿನ ಎದೆಗೂಡು ಅಷ್ಟು ಅಗಲವೇ ಇಲ್ಲ. ಗುಂಡು ಸೂಜಿಯಂತೆ ತೂರಿ ಹೋದೀತು. ಚಪ್ಪಟೆ ಮೂತಿಯ ಗಟ್ಟಿ ಗುಂಡಾದರೋ ನೇರವಾಗಿಯೂ ಸಾಗುತ್ತದೆ, ಚೂಪಿನದಕ್ಕಿಂತ ಅಗಲವಾದ ರಂಧ್ರವನ್ನೂ ಕೊರೆಯುತ್ತದೆ. ಅರಳದ್ದೇ ಬೇಕೆಂದಾದರೆ ಚಪ್ಪಟೆ ಮೂತಿಯದೇ ಮೇಲು. ಇವೆಲ್ಲವೂ ಹೊರಬಿದ್ದ ಮೇಲೂ ಬಹುದೂರ ಹೋಗಬಲ್ಲವು. ಹಿಂದೆ ಜಾಡು ಹಿಡಿಯುವ ಆಳೋ ಮತ್ತೊಂದು ಪ್ರಾಣಿಯೋ ಇಲ್ಲವೆಂಬುದು ಖಚಿತವಾಗದೆ ಕುದುರೆ ಎಳೆಯಬಾರದು.

ಇನ್ನು ಸೀಸದ ಮಾತು. ಇದು ನಮ್ಮ ನೆರೆಯ ಕಥೆ. 1982ರಲ್ಲಿ ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ಮಹಾ ರಣಹದ್ದುಗಳು ಜಗತ್ತಿನಲ್ಲಿ ಉಳಿದಿದ್ದುದು ಇಪ್ಪತ್ತೆರಡೇ. 1987ರ ಏಪ್ರಿಲ್‌ನಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೋದ ಮೃಗಾಲಯಗಳಲ್ಲಿ ಒಟ್ಟು 27 ಹಕ್ಕಿಗಳಿಂದ ವಂಶೋದ್ಧಾರ ನಡೆಯಿತು. 1992ರಿಂದ ಮತ್ತೆ ಹಾರಿಬಿಡಲಾಯಿತು. ಇಂದು ಅವು 500ನ್ನು ಮೀರಿವೆ. ಆದರೆ ಕಾಡಿಗೆ ಮರಳಿದವುಗಳನ್ನು ಅತಿಹೆಚ್ಚು ಕೊಂದದ್ದು ಸೀಸ. ಬೇಟೆಗಾರ ಬಿಟ್ಟುಹೋದ ಕರುಳಿನ ರಾಶಿಯಲ್ಲಿ ಗುಂಡಿನ ಚೂರುಗಳಿರುತ್ತವೆ. ಹಕ್ಕಿಯ ಜಠರಾಮ್ಲ ಅದನ್ನು ಕರಗಿಸುತ್ತದೆ. ಜೀರ್ಣಾಂಗದ ಚಲನೆ ನಿಂತು, ಗಂಟಲಚೀಲ ತುಂಬಿದ್ದರೂ ಹಕ್ಕಿ ಹಸಿದು ಸಾಯುತ್ತದೆ. ಮಕ್ಕಳ ಸೀಸವಿಷಕ್ಕೆ ನಾವು ಕೊಡುವ ಕ್ಯಾಲ್ಸಿಯಂ ಇಡಿಟಿಎ ಔಷಧವನ್ನೇ ಈ ಹಕ್ಕಿಗಳಿಗೂ ಚುಚ್ಚುತ್ತಾರೆ. 2013ರ ಶಾಸನದಂತೆ 2019ರ ಜುಲೈ 1ರಿಂದ ರಾಜ್ಯದಲ್ಲೆಲ್ಲ ಬೇಟೆಗೆ ಸೀಸದ ಗುಂಡು ನಿಷಿದ್ಧ. ನಮ್ಮ ರಾಮನಗರದ ಬೆಟ್ಟದ ರಣಹದ್ದುಗಳ ನೆನಪಾಗದೆ ಇರದು. ಭಾರತದ ರಣಹದ್ದುಗಳನ್ನು ಕೊಂದದ್ದು ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್. 2006ರಲ್ಲಿ ಅದರ ಪಶು ಬಳಕೆ ನಿಷೇಧವಾಯಿತು.

ಮನುಷ್ಯನೂ ಇದರಿಂದ ಹೊರತಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೀಸದ ಗುಂಡಿನಿಂದ ಹೊಡೆದ 30 ಜಿಂಕೆಗಳ ಎಕ್ಸ್‌ರೇ ತೆಗೆದಾಗ ಮೂವತ್ತರಲ್ಲೂ ಲೋಹದ ಚೂರುಗಳಿದ್ದವು. ಸರಾಸರಿ ಒಂದೊಂದರಲ್ಲಿ 136. ಗಾಯದಿಂದ ಗೇಣುದ್ದ ದೂರದ ಮಾಂಸವೂ ಶುದ್ಧವೆಂದು ನಂಬುವಂತಿಲ್ಲ. ಮನೆಯಲ್ಲಿ ಗರ್ಭಿಣಿಯೋ ಎಳೆಮಗುವೋ ಇದ್ದರೆ ಅಂತಹ ಮಾಂಸ ಬೇಡವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಮಿತ್ರರಿಗೆ ನಾನು ಕೊಟ್ಟ ಉತ್ತರ ಇದು. ಪುಟ್ಟ ಹುಲ್ಲೆಯೊಂದನ್ನೇ ಅರಸಿ ಹೋಗುವುದಾದರೆ ಹಗುರ ರೈಫಲ್ಲನ್ನೂ ನಿಧಾನವಾಗಿ ಅರಳುವ ತಾಮ್ರದ ಗುಂಡನ್ನೂ ಒಯ್ಯಿರಿ. ಭಾರಿ ರೈಫಲ್ ಒಂದೇ ಕೈಯಲ್ಲಿದ್ದಾಗ ಮಾತ್ರ ಚಪ್ಪಟೆ ಮೂತಿಯ ಗಟ್ಟಿ ಗುಂಡು, ಅದೂ ಪ್ರಾಣಿ ಅಡ್ಡಲಾಗಿ ನಿಂತು ಭುಜದ ಹಿಂದಿನ ಎದೆ ಚೆನ್ನಾಗಿ ಕಂಡಾಗ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಬರಹವನ್ನು ಓದಿಕೊಳ್ಳಿ: ‘ಫುಲ್ ಮೆಟಲ್ ಜಾಕೆಟ್’ ಎಂದಿದ್ದರೆ ಹೊದಿಕೆಯೊಳಗೆ ಸಾಮಾನ್ಯವಾಗಿ ಸೀಸವೇ ಇರುತ್ತದೆ, ಇಡಿಯಾಗಿ ತಾಮ್ರ ಅಥವಾ ಹಿತ್ತಾಳೆ ಎಂದಿದ್ದರೆ ಮಾತ್ರ ಅದು ಸೀಸರಹಿತ. ಉಳಿದ ಗಟ್ಟಿ ಗುಂಡುಗಳನ್ನು ಹಿಂತಿರುಗಿದ ಮೇಲೆ ಇಲ್ಲಿಯ ಜಿಂಕೆ ಬೇಟೆಗೆ ಬಳಸುವಂತಿಲ್ಲ. ಅವು ಸೀಸರಹಿತವಾದರೂ ಅರಳುವುದಿಲ್ಲವಷ್ಟೆ.