ಉದ್ಯೋಗಸ್ಥರಿಗೆ ದೂರಶಿಕ್ಷಣ (ಕರ್ನಾಟಕ)

ಉದ್ಯೋಗ, ಕೃಷಿ ಅಥವಾ ಗೃಹಕೃತ್ಯದಲ್ಲಿ ತೊಡಗಿರುವವರು ಪ್ರತಿದಿನ ಕಾಲೇಜಿಗೆ ಹೋಗದೆ ವ್ಯಾಸಂಗ ಮಾಡಿ ಪದವಿ ಪಡೆಯುವ ವ್ಯವಸ್ಥೆಯೇ ದೂರಶಿಕ್ಷಣ. ಕರ್ನಾಟಕದಲ್ಲಿ ಈ ಶಿಕ್ಷಣವನ್ನು ನೀಡುವ ಪ್ರಮುಖ ಸಂಸ್ಥೆಗಳೆಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ (ಕರಾಮುವಿ) ಹಾಗೂ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ (ಇಗ್ನೋ).

ಇತಿಹಾಸ

ಭಾರತದಲ್ಲಿ ಅಂಚೆ ಮೂಲಕ ಪದವಿ ಶಿಕ್ಷಣವು 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. 1992ರ ಅಧಿನಿಯಮದ ಅನ್ವಯ 1996ರ ಜೂನ್ 1ರಂದು ಕರಾಮುವಿ ಸ್ಥಾಪನೆಯಾದಾಗ ಆ ಸಂಸ್ಥೆಯೇ ಅದಕ್ಕೆ ತಳಹದಿಯಾಯಿತು. ಇದರ ಆವರಣಕ್ಕೆ ಮುಕ್ತಗಂಗೋತ್ರಿ ಎಂದು ಹೆಸರು.

ಕಲಿಕೆಯ ವಿಧಾನ

ಪ್ರವೇಶ ಪಡೆದವರಿಗೆ ಸಿದ್ಧಪಾಠಗಳನ್ನು ಒದಗಿಸಲಾಗುತ್ತದೆ. ವಿದ್ಯಾರ್ಥಿಗಳು ಇವುಗಳನ್ನು ಸ್ವತಃ ಓದಿ, ನಿಯೋಜಿತ ಕಾರ್ಯಗಳನ್ನು ಬರೆದು ಸಲ್ಲಿಸಬೇಕು. ಸಂಶಯ ನಿವಾರಣೆಗೆ ಸಂಪರ್ಕ ತರಗತಿಗಳು ನಡೆಯುತ್ತವೆ. ಪರೀಕ್ಷೆಯನ್ನು ನಿಗದಿತ ಕೇಂದ್ರದಲ್ಲಿ ಬರೆಯಬೇಕಾಗುತ್ತದೆ. ಶಾಲಾ ಶಿಕ್ಷಣವನ್ನೇ ಅರ್ಧಕ್ಕೆ ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಪೂರೈಸಬಹುದು. ಇದಕ್ಕೆ ಗರಿಷ್ಠ ವಯೋಮಿತಿಯಿಲ್ಲ.

ಮಲೆನಾಡಿನಲ್ಲಿ

ಸಾಗರ ತಾಲ್ಲೂಕಿನ ತಾಳಗುಪ್ಪ, ಹೊಸನಗರ, ತೀರ್ಥಹಳ್ಳಿಯಂತಹ ಸ್ಥಳಗಳಲ್ಲಿ ದೂರಶಿಕ್ಷಣದ ಅಗತ್ಯ ಹೆಚ್ಚು. ಇಲ್ಲಿನ ಮನೆಗಳು ತೋಟ, ಗದ್ದೆಗಳ ನಡುವೆ ಚದುರಿಕೊಂಡಿದ್ದು, ಮಳೆಗಾಲದಲ್ಲಿ ನಿತ್ಯ ಪ್ರಯಾಣ ಕಷ್ಟಕರ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಮಂದಿಗೆಲ್ಲ ಬಿಡುವಿರುವುದಿಲ್ಲ. ಈ ಭಾಗಕ್ಕೆ ಹತ್ತಿರವಿರುವ ಕರಾಮುವಿ ಪ್ರಾದೇಶಿಕ ಕೇಂದ್ರವು ಜಿಲ್ಲಾ ಕೇಂದ್ರವಾದ ಶಿವಮೊಗ್ಗದಲ್ಲಿದೆ. ಶಿವಮೊಗ್ಗ ರೈಲುಮಾರ್ಗದ ಕೊನೆಯ ನಿಲ್ದಾಣವಾದ ತಾಳಗುಪ್ಪದಿಂದ ಮೈಸೂರಿಗೆ ನೇರ ರೈಲುಗಳಿವೆ.

ಮಾನ್ಯತೆ

ದೂರಶಿಕ್ಷಣದ ಪದವಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) ಮಾನ್ಯತೆ ಅಗತ್ಯ. ಸಂಸ್ಥೆಗೆ ಮಾತ್ರವಲ್ಲದೆ, ವಿದ್ಯಾರ್ಥಿ ಸೇರುವ ವರ್ಷದಲ್ಲಿ ಆ ನಿರ್ದಿಷ್ಟ ಕೋರ್ಸಿಗೂ ಮಾನ್ಯತೆ ಇರಬೇಕು. 2012–13ರ ನಂತರದ ಅವಧಿಗೆ ಕರಾಮುವಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸುಗಳನ್ನು ನಡೆಸಿದ್ದು ಇದಕ್ಕೆ ಮುಖ್ಯ ಕಾರಣವಾಗಿತ್ತು. ಪ್ರಕಟಣೆ ಹೊರಬೀಳುವ ಮೊದಲೇ ಪ್ರವೇಶ ಪಡೆದಿದ್ದ ವಿದ್ಯಾರ್ಥಿಗಳ ಪದವಿಯೂ ಇದರಿಂದ ಪ್ರಶ್ನಾರ್ಹವಾಯಿತು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತಾದರೂ, ಅದು 2018–19ರಿಂದ ನಿರ್ದಿಷ್ಟ ಕೋರ್ಸುಗಳಿಗೆ ಅನ್ವಯವಾಯಿತು.

ಯುಜಿಸಿಯ 2020ರ ನಿಯಮಾವಳಿಯಂತೆ, ಮಾನ್ಯತೆ ಪಡೆದ ದೂರಶಿಕ್ಷಣದ ಪದವಿಯು ಕಾಲೇಜಿನಲ್ಲಿ ಕಲಿತು ಪಡೆದ ಪದವಿಗೆ ಸಮಾನ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಮೊದಲಾದ ಪದವಿಗಳನ್ನು ಈ ವಿಧಾನದಲ್ಲಿ ನೀಡಲು ಅವಕಾಶವಿಲ್ಲ. ಮಾನ್ಯತೆ ಪಡೆದ ಸಂಸ್ಥೆ ಮತ್ತು ಕೋರ್ಸುಗಳ ಪಟ್ಟಿಯನ್ನು ಯುಜಿಸಿಯ ದೂರಶಿಕ್ಷಣ ಮಂಡಳಿಯು ವರ್ಷವಾರು ಪ್ರಕಟಿಸುತ್ತದೆ. ಶುಲ್ಕ ಪಾವತಿಸುವ ಮೊದಲು ಈ ಪಟ್ಟಿಯನ್ನು ನೋಡಿ ಮಾನ್ಯತೆಯನ್ನು ಖಚಿತಪಡಿಸಿಕೊಳ್ಳಬಹುದು.