ಹಳೆಯ ಹತ್ತರಿಯ ಪುನರುದ್ಧಾರ

ಮರವನ್ನು ನುಣುಪುಗೊಳಿಸುವ ಉಪಕರಣವನ್ನು ನಮ್ಮ ಬಡಗಿಗಳು ಹತ್ತರಿ ಎನ್ನುವರು. ಕೆಲವೆಡೆ ಕೀಸುಳಿ ಎಂಬ ಹೆಸರೂ ಉಂಟು. ಬಂಗಾಳಿಗಳಿಗೆ ಇದೇ ರ‍್ಯಾಂದಾ. ಕ್ರಿ.ಶ. 79ರಲ್ಲಿ ವೆಸೂವಿಯಸ್ಸಿನ ಬೂದಿಯಲ್ಲಿ ಹೂತುಹೋದ ಪೊಂಪೆ ನಗರದಲ್ಲಿಯೂ ಹತ್ತರಿಗಳು ದೊರೆತಿವೆ. ಇಂದು ಬಳಕೆಯಲ್ಲಿರುವ ಕಬ್ಬಿಣದ ಹತ್ತರಿಯ ರಚನೆಯಾದರೋ ಬಹುಮಟ್ಟಿಗೆ 19ನೆಯ ಶತಮಾನದ ಅಮೆರಿಕದವನಾದ ಲೆನರ್ಡ್ ಬೈಲಿ ಎಂಬಾತನದು.

ಕೋಲ್ಕತ್ತೆಯ ದಕ್ಷಿಣಕ್ಕೆ, ಡೈಮಂಡ್ ಹಾರ್ಬರ್ ರಸ್ತೆಯ ಇಕ್ಕೆಲಗಳಲ್ಲಿ ಬೆಹಾಲಾ ಎಂಬ ಬಡಾವಣೆಯಿದೆ. ನಮ್ಮ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1000 ಮಿ.ಮೀ. ಮಳೆಯಾದರೆ ಅಲ್ಲಿ 1600 ಮಿ.ಮೀ.ಗೂ ಮಿಗಿಲು. ಮಳೆಗಾಲದ ತೇವವನ್ನು ಹೀರಿ ಬಾಗಿಲುಗಳು ಉಬ್ಬುತ್ತವೆ, ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಬಡಗಿಗೆ ಕರೆ ಬರುತ್ತದೆ. ಆದರೆ ಅದೇ ತೇವವು ಅವನ ಹತ್ತರಿಗೆ ತುಕ್ಕು ಹಿಡಿಸುತ್ತದೆ! ದಿನಗೂಲಿಯಿಂದ ಜೀವಿಸುವವನಿಗೆ ಹತ್ತರಿ ಕೆಟ್ಟರೆ ಅಂದಿನ ಅನ್ನಕ್ಕೇ ಸಂಚಕಾರ. ಅಗ್ಗದ ಹಳೆಯ ಹತ್ತರಿಯೆಂದು ಅದನ್ನು ಗುಜರಿಗೆ ಎಸೆಯಬೇಕೆ? ಎರಕ ಬಿರುಕುಬಿಟ್ಟಿಲ್ಲವಾದರೆ ಎಸೆಯಬೇಕಾಗಿಲ್ಲ. ಅಗ್ಗದ ಹತ್ತರಿಯಲ್ಲಿ ಸಾಮಾನ್ಯವಾಗಿ ಕೊರತೆಯಾಗಿರುವುದು ಕಬ್ಬಿಣವಲ್ಲ, ಕೊನೆಯ ಹದ. ಕಾರ್ಖಾನೆಯು ಬಿಟ್ಟ ಆ ಕೆಲಸವನ್ನು ಕೈಯಿಂದ ಪೂರೈಸಬಹುದು.

ಮೊದಲು ಭಾಗಗಳನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಯಿಸಿ ತುಕ್ಕನ್ನು ಉಜ್ಜಿ ತೆಗೆಯಬೇಕು. ಬಳಿಕ ಅಲಗು ಕೂರುವ ಪೀಠವನ್ನು ಪರೀಕ್ಷಿಸಬೇಕು. ಅಲ್ಲಿ ಬಣ್ಣದ ಗಂಟೋ ಎರಕದ ಉಬ್ಬೋ ಇದ್ದರೆ ಅಲಗು ಅದುರಿ ಮರದ ಮೇಲೆ ಅಲೆಯಲೆಯಾದ ಗುರುತು ಬೀಳುವುದು. ಅರದಿಂದ ಅದನ್ನು ಸಮಗೊಳಿಸಬೇಕು. ಮತ್ತೆ ಜೋಡಿಸಿ, ಅಲಗನ್ನು ಒಳಕ್ಕೆ ಸರಿಸಿ ಬಿಗಿದು, ದಪ್ಪ ಗಾಜಿನ ಮೇಲೆ ಅಂಟಿಸಿದ ಉಪ್ಪುಕಾಗದದಲ್ಲಿ ತಳವನ್ನು ತಿಕ್ಕಬೇಕು. ತಳವೆಲ್ಲ ಕನ್ನಡಿಯಾಗಬೇಕೆಂಬ ಹಟ ವ್ಯರ್ಥ. ಮುಂತುದಿ, ಬಾಯಿಯ ಮುಂಭಾಗ, ಹಿಂತುದಿ, ಇವು ಒಂದೇ ಮಟ್ಟದಲ್ಲಿದ್ದರೆ ಸಾಕು. ಬಾಯಿಯ ಮುಂದಣ ಅಂಚು ಮರದ ನಾರನ್ನು ಒತ್ತಿಹಿಡಿಯುವುದರಿಂದಲೇ ನಾರು ಸೀಳಿ ಮೇಲೇಳುವುದು ಕಡಮೆಯಾಗುವುದು.

ಇನ್ನು ಅಲಗು. ಹರಿತವೆಂಬುದು ಎರಡು ಮುಖಗಳ ಸಂಧಿ. ಆದ್ದರಿಂದ ಇಳಿಜಾರಿನ ಮುಖವನ್ನು ಮಾತ್ರ ಮಸೆದು ಬೆನ್ನನ್ನು ಮರೆತವನ ಶ್ರಮ ನಿಷ್ಫಲ. ಬೆನ್ನಿನ ತುದಿಯನ್ನು ಸಾಣೆಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು ಉಜ್ಜಬೇಕು. ಇಳಿಜಾರನ್ನು 25 ಡಿಗ್ರಿಗೆ ಅರೆದು, ತುದಿಯನ್ನು 30 ಡಿಗ್ರಿಗೆ ಮಸೆಯುವುದು ವಾಡಿಕೆ. ಯಂತ್ರದ ಸಾಣೆಯನ್ನು ಬಳಸಿದರೆ ಆಗಾಗ ನೀರಿನಲ್ಲಿ ಅದ್ದಬೇಕು. ಅಂಚು ನೀಲಿಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತು.

ಅಲಗಿನ ಮೇಲೆ ತಿರುಪಿನಿಂದ ಬಿಗಿಯುವ ಇನ್ನೊಂದು ತಗಡಿರುವುದಷ್ಟೆ. ಅದರ ಅಂಚು ಬೆಳಕೂ ನುಸುಳದಂತೆ ಅಲಗಿಗೆ ಅಂಟಿರಬೇಕು, ಇಲ್ಲವಾದರೆ ಚಕ್ಕೆಗಳು ನಡುವೆ ಸಿಕ್ಕಿ ಬಾಯಿ ಕಟ್ಟುವುದು. ನಯಗೆಲಸಕ್ಕೆ ಅದನ್ನು ಹರಿತದಿಂದ ಅರ್ಧ ಮಿ.ಮೀ.ನಷ್ಟು ಹಿಂದಕ್ಕೂ, ಒರಟು ಕೆಲಸಕ್ಕೆ ಇನ್ನಷ್ಟು ದೂರಕ್ಕೂ ಇಡುವರು. ಅಲಗನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಅನುಪಯುಕ್ತ ಹಲಗೆಯೊಂದರ ಮೇಲೆ ಓಡಿಸಿ ನೋಡಬೇಕು. ಒಂದು ಬದಿಯಲ್ಲಿ ದಪ್ಪ, ಇನ್ನೊಂದು ಬದಿಯಲ್ಲಿ ತೆಳು ಸುರುಳಿ ಬಂದರೆ ಅಲಗು ಓರೆಯಾಗಿದೆಯೆಂದು ತಿಳಿದು ಹಿಂದಿನ ಸನ್ನೆಯಿಂದ ನೇರಗೊಳಿಸಬೇಕು.

ಕೆಲಸ ಮುಗಿದ ಮೇಲೆ, ಬೆಹಾಲಾದಂತಹ ತೇವದ ಊರಿನಲ್ಲಂತೂ, ತಳಕ್ಕೆ ಯಂತ್ರದ ಎಣ್ಣೆಯ ಬಟ್ಟೆ ಒರಸಿಯೇ ಹತ್ತರಿಯನ್ನು ಪೆಟ್ಟಿಗೆಯಲ್ಲಿಡಬೇಕು.