ಮಗ್ಗಿಯನ್ನು ಕಣ್ಣಲ್ಲೂ ಕಲಿಯಬಹುದು!

ಏಳೆಂಟ್ಲ ಎಷ್ಟು? "ಐವತ್ತಾರು" ಅಂತ ಥಟ್ಟನೆ ಹೇಳಿದಿರಾ? ಒಳ್ಳೇದು. ಆದರೆ ಐವತ್ತಾರೇ ಯಾಕೆ, ಐವತ್ತೈದು ಯಾಕಲ್ಲ? ಬಾಯಿಪಾಠ ಮಾಡಿದವರೂ ಇಲ್ಲಿ ತಡವರಿಸುವುದುಂಟು.

ಇಡೀ ತರಗತಿ ಒಟ್ಟಾಗಿ ಗಟ್ಟಿಯಾಗಿ ಮಗ್ಗಿ ಹೇಳುವುದು ನಿಮಗೆ ಖುಷಿ ಇರಬಹುದು. ಆಟಿಸಂ (ಸ್ವಲೀನತೆ) ಇರುವ ಕೆಲವು ಮಕ್ಕಳಿಗೆ ಆ ಸದ್ದೇ ಹಿಂಸೆ. ಆಟಿಸಂ ರೋಗವಲ್ಲ, ಅಂಟುವುದೂ ಇಲ್ಲ. ಮಿದುಳಿನ ಬೆಳವಣಿಗೆಯಲ್ಲಿ ಇರುವ ಭಿನ್ನತೆ ಅದು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇಂಥ 11 ಮಕ್ಕಳ ಬಗ್ಗೆ ವಿವರವಾಗಿ ಬರೆದರು. ಆದರೆ ಎಲ್ಲರೂ ಒಂದೇ ಥರ ಇರುವುದಿಲ್ಲ. ಒಬ್ಬರಿಗೆ ಲೆಕ್ಕವೆಂದರೆ ಪ್ರಾಣ, ಇನ್ನೊಬ್ಬರಿಗೆ ಕಷ್ಟ. ಆಟಿಸಂ ಇರುವ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್, ತಾನು ಚಿತ್ರಗಳಲ್ಲೇ ಯೋಚಿಸುತ್ತೇನೆ ಎಂದಿದ್ದಾರೆ.

ಹಾಗಾದರೆ ಮಗ್ಗಿಯನ್ನೂ ಚಿತ್ರ ಮಾಡೋಣ. ಹುಣಸೆಬೀಜ ತನ್ನಿ. ಸಾಲಿಗೆ 8ರಂತೆ 7 ಸಾಲು ಜೋಡಿಸಿ. ಐದನೇ ಸಾಲಿನ ಕೆಳಗೆ ಒಂದು ಕಡ್ಡಿ ಇಡಿ. ಕಡ್ಡಿಯ ಮೇಲೆ 5×8=40, ಕೆಳಗೆ 2×8=16. ಕೂಡಿಸಿದರೆ 56. ಕಂಡಿತಲ್ವಾ? ಈಗ ಪಕ್ಕಕ್ಕೆ ಬಂದು ನೋಡಿ. ಸಾಲಿಗೆ 7ರಂತೆ 8 ಸಾಲು! ಬೀಜ ಮಾತ್ರ ಅಷ್ಟೇ. ಅಂದರೆ 7×8, 8×7 ಎರಡೂ ಒಂದೇ.

ಇದರಿಂದ ಹೊರೆ ಎಷ್ಟು ಇಳಿಯಿತು ಗೊತ್ತಾ? 1ರಿಂದ 10ರವರೆಗಿನ ಮಗ್ಗಿಗಳಲ್ಲಿ 100 ಲೆಕ್ಕಗಳಿವೆ. ತಿರುಗಿಸಿದರೂ ಉತ್ತರ ಒಂದೇ ಆದ್ದರಿಂದ 55 ಸಾಕು. ಸುಲಭವಾದ 1, 2, 5, 10ರ ಮಗ್ಗಿ ಬಿಟ್ಟರೆ ಉಳಿಯುವುದು ಬರೀ 21! ಹಾಳೆಯಲ್ಲಿ 21 ಮನೆ ಬರೆದು, ಕಲಿತದ್ದಕ್ಕೆ ಬಣ್ಣ ಹಚ್ಚುತ್ತಾ ಹೋಗಿ. ಇನ್ನೆಷ್ಟು ಉಳಿದಿದೆ ಅಂತ ಕಣ್ಣೆದುರೇ ಇದ್ದರೆ ಆಟಿಸಂ ಇರುವ ಅನೇಕರಿಗೆ ನಿರಾಳ.

ಗೆಳೆಯನಿಗೋ ಗೆಳತಿಗೋ ಕಲಿಯಲು ಜೊತೆಯಾಗುತ್ತೀರಾ? ಹಾಗಾದರೆ ಇವು ನೆನಪಿರಲಿ.

• "ಏಳೆಂಟ್ಲ", "ಏಳು ಇಂಟು ಎಂಟು", "ಏಳರ ಎಂಟು ಪಟ್ಟು" ಎಲ್ಲದರ ಉತ್ತರ ಒಂದೇ. ನಮ್ಮ ಗಡಿನಾಡಿನಲ್ಲಿ ಮನೆಮಾತಿನ ಮಗ್ಗಿ ಬೇರೆಯೇ ಇರಬಹುದು. ಅವರಿಗೆ ಹಿಡಿಸಿದ ಒಂದನ್ನೇ ಹಿಡಿದುಕೊಳ್ಳಿ.

• "ತಲೆಗೆ ಹತ್ತಿತಾ?" ಅನ್ನಬೇಡಿ. ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುವವರಿಗೆ ಗೊಂದಲವಾಗುತ್ತದೆ. "ಇನ್ನೊಮ್ಮೆ ಜೋಡಿಸೋಣವಾ?" ಅಂತ ನೇರವಾಗಿ ಕೇಳಿ.

• ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸಿ, ಕಾಯಿರಿ. ಉತ್ತರ ತಡವಾಯಿತು ಅಂದರೆ ಗೊತ್ತಿಲ್ಲ ಅಂತ ಅಲ್ಲ. ಬಾಯಲ್ಲಿ ಹೇಳದೆ ಬರೆದು ತೋರಿಸಿದರೂ ಅದು ಉತ್ತರವೇ.

• ಅವರಿಗೆ ಬಸ್ಸು ಇಷ್ಟವೇ? ಒಂದು ಬಸ್ಸಿಗೆ 6 ಚಕ್ರವಾದರೆ 4 ಬಸ್ಸಿಗೆ ಎಷ್ಟು ಅಂತ ಕೇಳಿ.

• ಅವರು ಜೋಡಿಸಿದ ಬೀಜವನ್ನು ಕೇಳದೆ ಮುಟ್ಟಬೇಡಿ.

ಇದನ್ನು ಓದುತ್ತಿರುವ ನಿಮಗೇ ಆಟಿಸಂ ಇರಬಹುದು. ಸದ್ದು ಹೆಚ್ಚಾದರೆ, ಸಮಯ ಸಾಲದಿದ್ದರೆ ಟೀಚರಿಗೆ ಹೇಳಿ, ಇಲ್ಲವೇ ಚೀಟಿಯಲ್ಲಿ ಬರೆದುಕೊಡಿ. ಅದು ನಿಮ್ಮ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ.

ಮಾಡಿ ನೋಡಿ: 6×9ಕ್ಕೆ ಬೀಜ ಜೋಡಿಸಿ. ಕಡ್ಡಿ ಎಲ್ಲಿಟ್ಟರೆ ಲೆಕ್ಕ ಸುಲಭ? ನಿಮ್ಮ ಪಕ್ಕದವರು ಬೇರೆ ಕಡೆ ಇಟ್ಟಿರಬಹುದು. ಉತ್ತರ ತಾಳೆಯಾಯಿತೇ ನೋಡಿ.